ಮುಕ್ತಿನಾಥಕ್ಕೆ ಹೋಗುವ ದಾರಿಗಳು

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಪೂಜೆಯ ಸಂಪ್ರದಾಯವುಳ್ಳ ಹಳೆಯ ಮನೆಗಳ ದೇವರ ಪೆಟ್ಟಿಗೆಯನ್ನು ತೆರೆದು ನೋಡಿದರೆ ಒಂದೆರಡಾದರೂ ಸಾಲಿಗ್ರಾಮಗಳು ಕಾಣುವುವು. ಆ ಕಪ್ಪು ಕಲ್ಲುಗಳು ಯಾವ ಕಾಲದಲ್ಲಿ ಯಾವ ಬೈರಾಗಿಯ ಜೋಳಿಗೆಯಿಂದ ಇಳಿದು ನಮ್ಮ ಮನೆಗೆ ಬಂದುವೆಂಬುದು ಮನೆಯ ಹಿರಿಯರಿಗೂ ತಿಳಿಯದು. ನಿತ್ಯವೂ ಅವುಗಳಿಗೆ ಅಭಿಷೇಕ ನಡೆಯುವುದು. ಮಕ್ಕಳ ಅಂಗೈಗೆ ತೀರ್ಥವನ್ನು ಹಾಕುವಾಗ "ಗಂಡಕೀ ನದಿಯ ಕಲ್ಲು" ಎಂದು ಅಜ್ಜಿಯರು ಹೇಳುವುದೂ ಉಂಟು. ಆ ಗಂಡಕಿಯು ಹರಿಯುವುದು ನೇಪಾಳ ದೇಶದಲ್ಲಿ. ಅದರ ಮೇಲ್ಗಣಿವೆಯಲ್ಲಿ, ಹಿಮಾಲಯದ ಬೆನ್ನಿನ ಹಿಂದೆ, ಸುಮಾರು ೩,೭೦೦ ಮೀಟರು ಎತ್ತರದಲ್ಲಿ ಮುಕ್ತಿನಾಥ ಕ್ಷೇತ್ರವಿರುವುದು. ಶ್ರೀವೈಷ್ಣವರಿಗೆ ಅದು ನೂರೆಂಟು ದಿವ್ಯದೇಶಗಳಲ್ಲಿ ಒಂದು. ಮಾಧ್ವರಿಗೆ ಸಾಲಿಗ್ರಾಮದ ತವರು. ಬೌದ್ಧರಿಗೂ ಪವಿತ್ರ ಸ್ಥಾನ.

ನಮ್ಮ ಅಜ್ಜಂದಿರ ಕಾಲದಲ್ಲಿ ಕಾಶಿಗೆ ಹೋಗಿ ಬಂದರೆ ಯಾತ್ರೆಯು ಮುಗಿಯಿತು. ಈಗ ಹಾಗಲ್ಲ. ಕಾಶಿ, ಗಯೆ, ಪ್ರಯಾಗಗಳ ಹೆಸರಿನ ಹಿಂದೆಯೇ ಮುಕ್ತಿನಾಥದ ಹೆಸರೂ ಯಾತ್ರಾ ಏಜೆಂಟರ ಫಲಕಗಳಲ್ಲಿ ಕಾಣುವುದು. ಅಡುಗೆಯವರನ್ನೂ ಪಾತ್ರೆಪಡಗಗಳನ್ನೂ ಜೊತೆಗೆ ಕರೆದೊಯ್ದು, ಹಿಮಾಲಯದ ತಪ್ಪಲಿನಲ್ಲಿಯೂ ಸಾರು ಅನ್ನ ಬಡಿಸುವ ಏರ್ಪಾಡು ಮಾಡುವವರೂ ಇದ್ದಾರೆ. ಆದರೆ ಹೋಗುವುದು ಹೇಗೆಂಬ ವಿಷಯ ಬಂದಾಗ ಮನೆಮನೆಯಲ್ಲಿಯೂ ವಾದ ಏಳುವುದು. ವಿಮಾನದಲ್ಲಿ ಹೋಗಿ ನಾಲ್ಕು ದಿನದಲ್ಲಿ ಬಂದುಬಿಡಿ ಎಂದು ಮಕ್ಕಳು. ರೈಲೇ ವಾಸಿ ಎಂದು ತಾಯಿ. ಜೀಪಿನಲ್ಲಿ ಸೊಂಟ ಮುರಿಯಿತೆಂದು ಹೋಗಿ ಬಂದ ನೆರೆಮನೆಯವರು. ಎಪ್ಪತ್ತೊಂದು ವರ್ಷದ ನನ್ನ ತಾಯಿಯವರನ್ನೂ ಮಲ್ಲೇಶ್ವರದಲ್ಲಿರುವ ಚಿಕ್ಕಮ್ಮನವರನ್ನೂ ಕರೆದುಕೊಂಡು ಈ ಯಾತ್ರೆಯನ್ನು ಮಾಡಿ ಬಂದವನಾದ್ದರಿಂದ, ಈ ವಾದದಲ್ಲಿ ನನಗೂ ಎರಡು ಮಾತು ಹೇಳುವ ಅಧಿಕಾರವುಂಟೆಂದು ಭಾವಿಸುತ್ತೇನೆ.

ಮೊದಲು ಹಿಂದಿನವರ ಪಾಡನ್ನು ನೆನೆಯೋಣ. ರಾಣಾ ಮನೆತನದ ಆಳ್ವಿಕೆ ೧೯೫೧ರಲ್ಲಿ ಕೊನೆಗೊಳ್ಳುವವರೆಗೂ ನೇಪಾಳದ ಬಾಗಿಲು ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿಯೇ ಇದ್ದಿತು. ನಮ್ಮ ದೇಶದ ಯಾತ್ರಿಕರಿಗೆ ಅದು ಮುಖ್ಯವಾಗಿ ಶಿವರಾತ್ರಿಯ ಸಮಯದಲ್ಲಿ ತೆರೆಯುತ್ತಿದ್ದಿತು. ಬಿಹಾರದ ರಕ್ಸೌಲಿನಿಂದ ಅಮಲೇಖಗಂಜಿನವರೆಗೆ ೧೯೨೭ರಲ್ಲಿ ಹಾಕಿದ ಸಣ್ಣ ರೈಲು. ಅಲ್ಲಿಂದ ಭೀಮಫೇದಿಯವರೆಗೆ ಮೋಟಾರು ಲಾರಿ. ಅದರಾಚೆಗೆ ಚೀಸಾಪಾನಿ ಗಢಿ, ಚಂದ್ರಗಿರಿ ಎಂಬ ಎರಡು ಕಣಿವೆದಾರಿಗಳನ್ನು ಕಾಲ್ನಡೆಯಲ್ಲಾಗಲಿ ಡೋಲಿಯಲ್ಲಾಗಲಿ ಏರಿ ಇಳಿಯಬೇಕು. ಕಾಠ್ಮಂಡುವಿನ ಅರಮನೆಗಳ ಮೋಟಾರು ಕಾರುಗಳು ಕೂಡ ಕೂಲಿಯವರ ಹೆಗಲ ಮೇಲೆಯೇ ಈ ಬೆಟ್ಟಗಳನ್ನು ದಾಟಿದುವು! ಕಾಠ್ಮಂಡುವಿನ ದನದ ಹುಲ್ಲುಗಾವಲಿನಲ್ಲಿ ಮೊದಲ ವಿಮಾನ ಇಳಿದದ್ದು ೧೯೪೯ರಲ್ಲಿ. ಭಾರತದ ಸೇನೆಯ ಎಂಜಿನಿಯರುಗಳು ಕಟ್ಟಿದ ತ್ರಿಭುವನ ರಾಜಪಥದಲ್ಲಿ ಮೋಟಾರುಗಳು ಓಡತೊಡಗಿದ್ದು ೧೯೫೬ರ ಸುಮಾರಿಗೆ. ಇದು ಕಾಠ್ಮಂಡುವಿನವರೆಗಿನ ಮಾತು. ಅಲ್ಲಿಂದ ಮುಕ್ತಿನಾಥಕ್ಕೆ ಹೋಗುವವರು ವಾರಗಟ್ಟಲೆ ನಡೆಯಬೇಕಾಗಿತ್ತು. ಗಂಡಕಿಯ ಕಣಿವೆಯಲ್ಲಿ ಬೇನಿಯಿಂದ ಜೋಮ್‌ಸೋಮಿನವರೆಗೆ ಮೋಟಾರು ಹೋಗುವ ಮಣ್ಣಿನ ದಾರಿಯಾದದ್ದು ಈ ಶತಮಾನದಲ್ಲಿ.

ಈಗ ಹೊರಡತಕ್ಕವರು ಮೊದಲು ಗಮನಿಸಬೇಕಾದದ್ದು ಕಾಗದಪತ್ರ. ೧೯೫೦ರ ಜುಲೈ ೩೧ರಂದು ಆದ ಭಾರತ-ನೇಪಾಳ ಒಪ್ಪಂದದ ಬಲದಿಂದ ನಮಗೆ ವೀಸಾ ಬೇಕಿಲ್ಲ. ಹಾಗೆಂದು ಬರಿಗೈಯಲ್ಲಿ ಹೋಗುವಂತಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟನ್ನಾಗಲಿ ಚುನಾವಣಾ ಆಯೋಗದವರು ಕೊಟ್ಟ ಮತದಾರರ ಚೀಟಿಯನ್ನಾಗಲಿ ತೋರಿಸಬೇಕು. ಆಧಾರ್ ಚೀಟಿಯೊಂದನ್ನೇ ನಂಬಿಕೊಂಡು ವಿಮಾನನಿಲ್ದಾಣಕ್ಕೆ ಹೋಗಿ ಹಿಂದಿರುಗಿದವರು ನಮ್ಮ ಬೀದಿಯಲ್ಲಿಯೇ ಇದ್ದಾರೆ. ಅರುವತ್ತೈದು ವರ್ಷ ದಾಟಿದವರಿಗೂ ಹದಿನೈದರ ಒಳಗಿನ ಮಕ್ಕಳಿಗೂ ಮಾತ್ರ ಆಧಾರ್ ಮುಂತಾದ ಭಾವಚಿತ್ರವುಳ್ಳ ಚೀಟಿ ಸಾಕು. ತಾಯಿಯವರ ಚೀಟಿ ನಡೆಯಿತೆಂದು ಮಗನದೂ ನಡೆಯುವುದೆಂದು ಎಣಿಸಕೂಡದು. ನೆಲದ ಗಡಿಯಲ್ಲಿ ಇಷ್ಟು ಬಿಗಿಯಿಲ್ಲವಾದರೂ ಗುರುತಿನ ಚೀಟಿ ಕೈಯಲ್ಲಿರಲೇಬೇಕು.

ಹಣದ ವಿಷಯ ಸುಲಭ. ನಮ್ಮ ನೂರು ರೂಪಾಯಿಗೆ ಅವರ ನೂರರುವತ್ತು. ಈ ದರ ೧೯೯೩ರಿಂದ ಬದಲಾಗಿಲ್ಲ. ದೊಡ್ಡ ನೋಟುಗಳ ವಿಷಯದಲ್ಲಿ ಮಾತ್ರ ಎರಡು ಸರ್ಕಾರಗಳ ನಿಯಮಗಳೂ ಆಗಾಗ ಬದಲಾಗುತ್ತಿರುವುದರಿಂದ ನೂರರ ನೋಟುಗಳನ್ನು ಒಯ್ಯುವುದು ಕ್ಷೇಮ. ಇನ್ನೊಂದು ಸಣ್ಣ ಸಂಗತಿ: ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿರುವುದು. ನಗುವ ಮಾತಲ್ಲ, ಬೆಳಗಿನ ವಿಮಾನಕ್ಕೆ ಈ ಕಾಲು ಗಂಟೆ ದೊಡ್ಡದು.

ಇನ್ನು ದೇಶವನ್ನು ಸೇರುವ ದಾರಿ. ಬೆಂಗಳೂರಿನಿಂದ ಕಾಠ್ಮಂಡುವಿಗೆ ನೇರವಾಗಿ ಹೋಗುವ ವಿಮಾನಗಳುಂಟು. ಮೂರು ಗಂಟೆಯ ಹಾದಿ. ದಿನ, ವೇಳೆಗಳು ಬದಲಾಗುತ್ತಿರುವುದರಿಂದ ವಿಚಾರಿಸಿಕೊಂಡು ಹೊರಡಬೇಕು. ನೇರ ವಿಮಾನ ದೊರೆಯದವರು ದೆಹಲಿಯ ಮೇಲೆ ಹೋಗುವರು. ಅಲ್ಲಿಂದ ಹೋಗುವಾಗ ಎಡಗಡೆಯ ಕಿಟಕಿಯನ್ನು ಕೇಳಿ ಪಡೆದರೆ ಹಿಮಾಲಯದ ಸಾಲು ಕಣ್ಣಿಗೆ ಬೀಳುವುದು. ಹೊತ್ತಿನ ಉಳಿತಾಯವನ್ನು ನೋಡಿದರೆ ಇದಕ್ಕೆ ಸಮನಾದದ್ದಿಲ್ಲ.

ಆದರೂ ನಾವು ರೈಲನ್ನೇ ಹಿಡಿದೆವು. ಯಶವಂತಪುರದಿಂದ ಗೋರಖಪುರಕ್ಕೆ ನೇರವಾದ ರೈಲುಗಳಿವೆ. ಮಲ್ಲೇಶ್ವರದವರಿಗಂತೂ ಆ ನಿಲ್ದಾಣ ಕೂಗಳತೆಯಲ್ಲಿದೆ. ಎರಡು ಹಗಲು ಎರಡು ರಾತ್ರಿಯ ಪ್ರಯಾಣ. ಚಿಕ್ಕಮ್ಮನವರು ಅವಲಕ್ಕಿ, ಹುರಿಗಡಲೆ, ಗೊಜ್ಜು, ಚಪಾತಿಗಳನ್ನು ಕಟ್ಟಿಕೊಂಡಿದ್ದರು. ಭೋಪಾಲದವರೆಗೂ ಅದೇ ನಡೆಯಿತು. ಗೀತಾಪ್ರೆಸ್ಸಿನ ಪುಸ್ತಕಗಳನ್ನು ಓದಿದವರಿಗೆ ಗೋರಖಪುರದ ಹೆಸರು ಹೊಸದಲ್ಲ. ೧೯೨೩ರಲ್ಲಿ ಸ್ಥಾಪಿತವಾದ ಆ ಮುದ್ರಣಾಲಯ ಇರುವುದು ಈ ಊರಿನಲ್ಲಿಯೇ. ಇಲ್ಲಿಂದ ಸುಮಾರು ನೂರು ಕಿಲೋಮೀಟರು ಬಸ್ಸಿನಲ್ಲಿಯೋ ಟ್ಯಾಕ್ಸಿಯಲ್ಲಿಯೋ ಹೋದರೆ ಸೋನೌಲಿ ಎಂಬ ಗಡಿ. ಕಾಶಿಯನ್ನು ಮುಗಿಸಿಕೊಂಡು ಬರುವವರೂ ಈ ದಾರಿಗೇ ಬಂದು ಸೇರುವರು. ಗಡಿಯಲ್ಲಿ ಒಂದು ಕಮಾನು, ಒಂದಿಷ್ಟು ಲಾರಿಗಳು, ಸೈಕಲ್ ರಿಕ್ಷಾಗಳು. ನಡೆದೇ ಪರದೇಶವನ್ನು ಸೇರಬಹುದು. "ಇಷ್ಟೇಯೇನೋ ಫಾರಿನ್ನು?" ಎಂದು ನಮ್ಮ ತಾಯಿಯವರು ಹಿಂದಿರುಗಿ ನೋಡಿದರು. ಸ್ವಂತ ಕಾರಿನಲ್ಲಿ ಬಂದವರು ಮಾತ್ರ ಭನ್ಸಾರ್ ಎಂಬ ಸುಂಕದ ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕು.

ಗಡಿಯಾಚೆಯ ಭೈರಹವಾ ಪಟ್ಟಣದಿಂದ ಬುದ್ಧ ಹುಟ್ಟಿದ ಲುಂಬಿನಿಯು ಗಂಟೆಯೊಳಗಿನ ದಾರಿ. ಅಶೋಕನ ಕಂಬವನ್ನು ನೋಡದೆ ಮುಂದೆ ಹೋಗುವುದು ತರವಲ್ಲ. ಭೈರಹವಾದಿಂದಲೇ ಬುಟ್ವಲ್, ತಾನ್ಸೇನ್ ಊರುಗಳ ಮೇಲೆ ಪೋಖರಾಕ್ಕೆ ಸಿದ್ಧಾರ್ಥ ರಾಜಮಾರ್ಗವಿದೆ. ಕಾಠ್ಮಂಡುವನ್ನು ಬಿಟ್ಟು ನೇರವಾಗಿ ಮುಕ್ತಿನಾಥಕ್ಕೆ ಹೋಗುವವರಿಗೆ ಇದೇ ಹತ್ತಿರ. ಜನಕಪುರಕ್ಕೆ ಹೋಗಿ ಸೀತೆಯ ತವರನ್ನು ನೋಡಬೇಕೆನ್ನುವವರಿಗೆ ಬೇರೆ ಬಾಗಿಲುಂಟು: ಬಿಹಾರದ ಜಯನಗರದಿಂದ ಅಲ್ಲಿಗೆ ರೈಲೇ ಹೋಗುವುದು. ೧೯೩೭ರಲ್ಲಿ ಹಾಕಿದ ಸಣ್ಣ ಹಳಿಗಳು ೨೦೧೪ರಲ್ಲಿ ನಿಂತುಹೋಗಿ, ಅಗಲ ಹಳಿಯ ಮೇಲೆ ೨೦೨೨ರ ಏಪ್ರಿಲಿನಲ್ಲಿ ಮತ್ತೆ ಬಂಡಿ ಓಡಿತು.

ಕಾಠ್ಮಂಡುವನ್ನು ಬಿಡಬಾರದೆಂಬುದು ಚಿಕ್ಕಮ್ಮನವರ ಹಟವಾಗಿದ್ದಿತು. ಅದಕ್ಕೆ ಕಾರಣ ಪಶುಪತಿನಾಥ ಮಾತ್ರವಲ್ಲ, ಪಶುಪತಿನಾಥನ ಅರ್ಚಕರು. ಆ ದೇವಾಲಯದಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಹಕ್ಕು ದಕ್ಷಿಣದಿಂದ ಬಂದ ಭಟ್ಟರಿಗೆ ಮಾತ್ರ ಉಂಟು; ಈಗಿನ ಕಾಲದಲ್ಲಿ ಅವರು ಕರ್ನಾಟಕದವರು. ೨೦೦೯ರ ಮೊದಲಲ್ಲಿ ಹೊಸ ಸರ್ಕಾರವು ಅವರ ಸ್ಥಾನದಲ್ಲಿ ನೇಪಾಳಿ ಅರ್ಚಕರನ್ನು ನೇಮಿಸಹೊರಟಾಗ ದೊಡ್ಡ ಗದ್ದಲವೇ ಆಯಿತು, ನೇಮಕ ನಿಲ್ಲಲಿಲ್ಲ. ಎರಡು ಸಾವಿರ ಕಿಲೋಮೀಟರು ದೂರದಲ್ಲಿ, ಹಿಂದಿಯೂ ಸರಿಯಾಗಿ ಬಾರದ ಚಿಕ್ಕಮ್ಮನವರು "ನಾವು ಬೆಂಗಳೂರಿನವರು" ಎಂದು ಕೂಗಿದಾಗ ಒಳಗಿನಿಂದ ಕನ್ನಡದಲ್ಲಿಯೇ ಉತ್ತರ ಬಂದಿತು. ಆ ದಿನದ ಸಂತೋಷಕ್ಕೆ ಬಸ್ಸಿನ ಆಯಾಸವೆಲ್ಲ ತೀರಿಹೋಯಿತು.

ಪಟ್ಟಣದೊಳಗೆ ಓಡಾಡಲು ಟ್ಯಾಕ್ಸಿಗಳಿವೆ. ಹತ್ತುವ ಮೊದಲೇ ದರ ಗೊತ್ತುಮಾಡಿಕೊಳ್ಳಬೇಕು. ಹಸಿರು ಬಣ್ಣದ ಸಾಝಾ ಬಸ್ಸುಗಳು ಅಗ್ಗವಾಗಿಯೂ ಒಪ್ಪವಾಗಿಯೂ ಇರುವುವು. ವಿದ್ಯುತ್ತಿನಿಂದ ನಡೆಯುವ ಸಫಾ ಟೆಂಪೋ ಎಂಬ ಮೂರು ಚಕ್ರದ ಬಂಡಿಗಳನ್ನು ಅನೇಕ ಕಡೆ ಹೆಂಗಸರೇ ನಡೆಸುವರು. ಮೊಣಕಾಲು ನೋವಿರುವವರಿಗೆ ಇದು ಹತ್ತಲು ಇಕ್ಕಟ್ಟೆಂಬುದನ್ನು ಹೇಳಿಬಿಡಬೇಕು.

ಕಾಠ್ಮಂಡುವಿನಿಂದ ಪೋಖರಾಕ್ಕೆ ಇನ್ನೂರು ಕಿಲೋಮೀಟರು. ವಿಮಾನದಲ್ಲಿ ಅರ್ಧ ಗಂಟೆಯೊಳಗೆ. ರಸ್ತೆಯಲ್ಲಿ, ಅಗಲಮಾಡುವ ಕೆಲಸವೂ ಸೇರಿ, ಏಳೆಂಟು ಗಂಟೆ, ಕೆಲವು ದಿನ ಹತ್ತು. ಈಚೆಗೆ ವಿದ್ಯುತ್ತಿನ ಸಣ್ಣ ಬಸ್ಸುಗಳು ಬಂದು ಸದ್ದೂ ಹೊಗೆಯೂ ಕಡಿಮೆಯಾಗಿವೆ. ಅಪಾಯದ ಮಾತನ್ನು ಮುಚ್ಚಿಡುವುದು ಸಲ್ಲದು. ೨೦೨೪ರ ಜುಲೈಯಲ್ಲಿ ಗುಡ್ಡ ಜರಿದು ಎರಡು ಬಸ್ಸುಗಳು ತ್ರಿಶೂಲೀ ನದಿಯ ಪಾಲಾದುವು. ಮರುತಿಂಗಳೇ ಪೋಖರಾದಿಂದ ಕಾಠ್ಮಂಡುವಿಗೆ ಬರುತ್ತಿದ್ದ ನಮ್ಮ ದೇಶದ ಬಸ್ಸೊಂದು ಮರ್ಸ್ಯಾಂಗ್ದೀ ನದಿಗೆ ಉರುಳಿ, ಮಹಾರಾಷ್ಟ್ರದ ಯಾತ್ರಿಕರೂ ಸೇರಿ ೨೭ ಮಂದಿ ತೀರಿಕೊಂಡರು. ವಿಮಾನವೂ ನಿರಪಾಯವಲ್ಲ, ೨೦೨೩ರ ಜನವರಿ ೧೫ರಂದು ಪೋಖರಾದಲ್ಲಿ ಇಳಿಯಲಿದ್ದ ವಿಮಾನ ಬಿದ್ದು ೭೨ ಮಂದಿ ಸತ್ತರು. ಇವೆಲ್ಲದರಿಂದ ನಾನು ಎಣಿಸಿದ್ದಿಷ್ಟು: ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದಲ್ಲಿ ಹೋಗಲೇ ಬಾರದು, ಉಳಿದ ಕಾಲದಲ್ಲಿಯೂ ರಾತ್ರಿಯ ಬಸ್ಸನ್ನು ಹತ್ತಬಾರದು. ಮಕ್ಕಳಿಗೆ ರಜೆಯೆಂದು ಶ್ರಾವಣದಲ್ಲಿ ಹಿರಿಯರನ್ನು ಹೊರಡಿಸುವವರಿಗೆ ಈ ಮಾತು ರುಚಿಸಲಾರದು. ದೀಪಾವಳಿಯ ಹಿಂದುಮುಂದಿನ ದಿನಗಳೂ, ಯುಗಾದಿಯ ಅನಂತರದ ತಿಂಗಳೂ ಒಳ್ಳೆಯವು.

ಪೋಖರಾದಿಂದ ಮುಂದೆಯೇ ನಿಜವಾದ ಸಮಸ್ಯೆ. ಜೋಮ್‌ಸೋಮಿಗೆ ಸಣ್ಣ ವಿಮಾನವುಂಟು, ಇಪ್ಪತ್ತು ನಿಮಿಷ. ಬಲಗಡೆ ಅನ್ನಪೂರ್ಣಾ, ಎಡಗಡೆ ಧವಳಗಿರಿ. ಎರಡು ಎಂಟು ಸಾವಿರ ಮೀಟರಿನ ಪರ್ವತಗಳ ನಡುವಣ ಕಂದರದಲ್ಲಿ ಹಾದುಹೋಗಬೇಕು. ಟಿಬೆಟ್ಟಿನ ಎತ್ತರದ ನೆಲ ಬಿಸಿಲಿಗೆ ಕಾದಂತೆಲ್ಲ ಕೆಳಗಿನ ಗಾಳಿಯು ಈ ಕಂದರದೊಳಕ್ಕೆ ನುಗ್ಗುವುದು. ಮಧ್ಯಾಹ್ನಕ್ಕೆ ಮುಂಚೆಯೇ ಅದರ ಬಲ ಹೆಚ್ಚಿ ವಿಮಾನಗಳು ಇಳಿಯಲಾರವು. ಆದಕಾರಣ ಹಾರಾಟವೆಲ್ಲ ಬೆಳಗಿನ ಕೆಲವು ಗಂಟೆಗಳಲ್ಲಿ ಮುಗಿಯಬೇಕು. ಆ ವೇಳೆಯಲ್ಲಿ ಮೋಡ ಕವಿದರೆ ಅಂದಿನ ಪ್ರಯಾಣವಿಲ್ಲ. ನಾವು ಎರಡು ಬೆಳಗು ನಿಲ್ದಾಣದಲ್ಲಿ ಕುಳಿತು ಎದ್ದು ಬಂದೆವು. ಮೂರನೆಯ ದಿನ ಖಂಡಿತವೆಂದು ಏಜೆಂಟನೊಬ್ಬನು ಹೇಳಿದನು. ಮೊದಲೆರಡು ದಿನವೂ ಅವನು ಹಾಗೆಯೇ ಹೇಳಿದ್ದನು.

೨೦೨೨ರ ಮೇ ೨೯ರಂದು ಇದೇ ದಾರಿಯಲ್ಲಿ ವಿಮಾನವೊಂದು ಬೆಟ್ಟಕ್ಕೆ ಬಡಿದು ೨೨ ಮಂದಿಯೂ ಸತ್ತ ಸಂಗತಿಯನ್ನು ನಾನು ತಾಯಿಯವರಿಗೆ ತಿಳಿಸಿರಲಿಲ್ಲ. ಆ ಸಂಜೆ ಅವರೇ ಕೇಳಿದರು: "ಹೋದ ಸಲ ಬಿದ್ದದ್ದು ಈ ವಿಮಾನವೇ ಅಲ್ಲವೇನೋ?"

"ನಿನಗೆ ಯಾರು ಹೇಳಿದರಮ್ಮ?"

"ಟೀವಿಯಲ್ಲಿ ನೋಡಿದ್ದೆ ಕಣೋ. ನೀನು ಹೆದರಿಕೊಂಡೀಯ ಅಂತ ಸುಮ್ಮನಿದ್ದೆ. ಜೀಪಿನಲ್ಲಿ ಹೋಗೋಣ; ಮೈ ನೊಂದರೆ ನೋಯಲಿ."

ಹೀಗೆ ನಾವು ಜೀಪನ್ನು ಗೊತ್ತುಮಾಡಿದೆವು. ಅನ್ನಪೂರ್ಣಾ ಸಂರಕ್ಷಿತ ಪ್ರದೇಶಕ್ಕೆ ಬೇಕಾದ ಪರವಾನಗಿಯನ್ನು ಪೋಖರಾದಲ್ಲಿಯೇ ಮಾಡಿಸಿಕೊಳ್ಳಬೇಕು. ನಮ್ಮವರಿಗೆ ಶುಲ್ಕದಲ್ಲಿ ರಿಯಾಯಿತಿಯುಂಟು. ನೂರೈವತ್ತಕ್ಕೆ ಮೇಲ್ಪಟ್ಟ ಕಿಲೋಮೀಟರಿನ ದಾರಿ. ಬೇನಿಯವರೆಗೆ ಚೆನ್ನಾಗಿದೆ. ಅಲ್ಲಿಂದ ಮುಂದೆ ಗಂಡಕಿಯು ಒಂದು ಪಕ್ಕದಲ್ಲಿ ಗರ್ಜಿಸುತ್ತ ಬರುವಳು. ರಸ್ತೆ ಒಮ್ಮೆ ಡಾಂಬರು, ಒಮ್ಮೆ ಕಲ್ಲು, ಒಮ್ಮೆ ತೊರೆಯ ನೀರೇ. ತಾತೋಪಾನಿಯಲ್ಲಿ ಬಿಸಿನೀರಿನ ಬುಗ್ಗೆಯಿದೆ. ಸೊಂಟ ಹಿಡಿದವರಿಗೆ ಅಲ್ಲಿ ಒಂದು ರಾತ್ರಿ ತಂಗುವುದು ಔಷಧಕ್ಕಿಂತ ಮೇಲು. ನಾವು ತಂಗಲಿಲ್ಲ, ತಪ್ಪುಮಾಡಿದೆವು. ಮಾರ್ಫಾ ಎಂಬ ಸೇಬಿನ ತೋಟಗಳ ಊರನ್ನು ದಾಟುವಷ್ಟರಲ್ಲಿ ಹಸುರು ಮುಗಿದು ಬೋಳು ಬೆಟ್ಟಗಳು ಕಂಡುವು. ಜೋಮ್‌ಸೋಮ್ ಸೇರಿದಾಗ ಹತ್ತು ಗಂಟೆಗಳ ಪ್ರಯಾಣವಾಗಿದ್ದಿತು.

ಅಲ್ಲಿಂದ ಮುಕ್ತಿನಾಥದ ಬುಡದಲ್ಲಿರುವ ರಾಣಿಪೌವಾಕ್ಕೆ ಇಪ್ಪತ್ತಕ್ಕೆ ಸ್ವಲ್ಪ ಹೆಚ್ಚು ಕಿಲೋಮೀಟರು ಮಾತ್ರ. ಆದರೆ ಆ ಸಣ್ಣ ದೂರದಲ್ಲಿ ಒಂದು ಸಾವಿರ ಮೀಟರು ಏರಬೇಕು. ನಮ್ಮ ಬೆಂಗಳೂರು ಇರುವುದು ಒಂಬೈನೂರು ಚಿಲ್ಲರೆ ಮೀಟರಿನಲ್ಲಿ. ಮುಕ್ತಿನಾಥದಲ್ಲಿ ಒಂದೊಂದು ಉಸಿರಿಗೂ ಸಮುದ್ರದ ಮಟ್ಟದಲ್ಲಿ ದೊರೆಯುವ ಪ್ರಾಣವಾಯುವಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟೇ ದೊರೆಯುವುದು. ಅವಸರವಾಗಿ ಏರಿದರೆ ತಲೆನೋವು, ವಾಂತಿ, ತಲೆಸುತ್ತು. ಅಲಕ್ಷ್ಯಮಾಡಿದರೆ ಶ್ವಾಸಕೋಶಕ್ಕೋ ಮೆದುಳಿಗೋ ನೀರು ಸೇರಿ ಪ್ರಾಣಕ್ಕೇ ಬರುವುದು. ನಾವು ಮರುದಿನ ಬೆಳಗ್ಗೆಯೇ ಹೊರಟೆವು. ರಾಣಿಪೌವಾ ಸೇರುವಷ್ಟರಲ್ಲಿ ತಾಯಿಯವರು ಹಣೆ ಹಿಡಿದುಕೊಂಡು, ಕಾಫಿಯೂ ಬೇಡವೆಂದರು. ಕಾಫಿ ಬೇಡವೆಂದದ್ದನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಎರಡು ಸಲ ವಾಂತಿಯಾಯಿತು. ದೇವಸ್ಥಾನದ ಗೋಡೆ ಮೇಲೆ ಕಾಣುತ್ತಿದ್ದಿತು.

"ಇಷ್ಟು ದೂರ ಬಂದು ಇನ್ನರ್ಧ ಗಂಟೆ ತಡೆದುಕೊಳ್ಳಕ್ಕ. ಕುದುರೆ ಮೇಲೆ ಕೂತರೆ ಆಯಿತು," ಎಂದರು ಚಿಕ್ಕಮ್ಮ. ನನಗೂ ಹಾಗೆಯೇ ಅನ್ನಿಸಿದ್ದಿತೆಂದು ಒಪ್ಪಿಕೊಳ್ಳಬೇಕು. ಜೀಪಿನ ಚಾಲಕನು, ಮೂವತ್ತು ವರ್ಷವಾಗದ ಹುಡುಗ, ತಾಯಿಯವರ ತುಟಿಯನ್ನು ನೋಡಿ ನಮ್ಮನ್ನು ಕೇಳದೆಯೇ ಬಂಡಿಯನ್ನು ಹಿಂದಕ್ಕೆ ತಿರುಗಿಸಿದನು. ದೇವರು ನಾಳೆಯೂ ಇರುತ್ತಾನೆ ಎಂಬರ್ಥದ ಮಾತನ್ನು ತನ್ನ ಹಿಂದಿಯಲ್ಲಿ ಹೇಳಿದನು. ಸುಮಾರು ಒಂಬೈನೂರು ಮೀಟರು ಕೆಳಗಿರುವ ಕಾಗಬೇನಿಗೆ ಬಂದೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ಅಮ್ಮನ ತಲೆ ಹಗುರಾಯಿತು. ಸಂಜೆಗೆ ಗಂಜಿ ಕುಡಿದರು. ಆ ಊರು ಎರಡು ಹೊಳೆಗಳ ಸಂಗಮ. ಪಿತೃಗಳಿಗೆ ಪಿಂಡ ಹಾಕುವ ಸ್ಥಳ. ಎರಡು ರಾತ್ರಿ ಅಲ್ಲಿಯೇ ಉಳಿದು, ತಂದೆಯವರ ಹೆಸರಿನಲ್ಲಿ ಮಾಡಬೇಕಾದ ಕಾರ್ಯವನ್ನೂ ಮಾಡಿದೆವು. ಮೂರನೆಯ ಬೆಳಗು ಮತ್ತೆ ಏರಿದಾಗ ಅವರಿಗೆ ಏನೂ ಆಗಲಿಲ್ಲ.

ಆದುದರಿಂದ ಪೋಖರಾದಿಂದ ಹೆಲಿಕಾಪ್ಟರಿನಲ್ಲಿ ನೇರವಾಗಿ ಮೇಲೆ ಇಳಿಯುವ ಏರ್ಪಾಡನ್ನು ನಾನು ವೃದ್ಧರಿಗೆ ಹೇಳಲಾರೆ. ಸ್ವಲ್ಪ ಹೊತ್ತು ನಿಂತು ಕೂಡಲೇ ಕೆಳಗಿಳಿಯುವವರು ಹೇಗೋ ಪಾರಾಗುವರು. ಹವೆ ಕೆಟ್ಟು ಮೇಲೆಯೇ ಉಳಿಯಬೇಕಾದರೆ ಕಷ್ಟ. ಜೋಮ್‌ಸೋಮಿನಲ್ಲಿಯೋ ಕಾಗಬೇನಿಯಲ್ಲಿಯೋ ಎರಡು ರಾತ್ರಿಯನ್ನು ಲೆಕ್ಕದಲ್ಲಿ ಸೇರಿಸದ ಯಾವ ಏಜೆಂಟನ ಪಟ್ಟಿಯನ್ನೂ ಒಪ್ಪಬೇಡಿರಿ. ಹೃದಯದ, ಉಬ್ಬಸದ ತೊಂದರೆಯಿರುವವರು ಬೆಂಗಳೂರಿನಲ್ಲಿಯೇ ವೈದ್ಯರನ್ನು ಕಾಣತಕ್ಕದ್ದು. ಎತ್ತರದ ಗುಳಿಗೆಗಳನ್ನೂ ಅವರನ್ನು ಕೇಳಿಯೇ ನುಂಗಬೇಕು.

ರಾಣಿಪೌವಾದಿಂದ ದೇವಸ್ಥಾನಕ್ಕೆ ನಡೆದರೆ ಅರ್ಧ ಗಂಟೆ. ನಡೆಯಲಾರದವರಿಗೆ ಕುದುರೆಗಳುಂಟು, ಕೊನೆಯಲ್ಲಿ ಮೆಟ್ಟಿಲುಗಳನ್ನು ಮಾತ್ರ ತಾವೇ ಹತ್ತಬೇಕು. ಗುಡಿಯ ಹಿಂದೆ ಅರ್ಧಚಂದ್ರಾಕಾರದ ಗೋಡೆಯಲ್ಲಿ ಗೋವಿನ ಮುಖದ ನೂರೆಂಟು ಧಾರೆಗಳು. ನೀರು ಹಿಮದಿಂದ ಆಗತಾನೇ ಇಳಿದದ್ದು. ಚಿಕ್ಕಮ್ಮನವರು ನೂರೆಂಟರ ಕೆಳಗೂ ತಲೆಯೊಡ್ಡಿ ಓಡಿದರು. ತಾಯಿಯವರು ಒಂದೊಂದರ ಕೆಳಗೂ ಬೆರಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. ಇಬ್ಬರಿಗೂ ಫಲ ಒಂದೇ ಎಂದು ಅರ್ಚಕರು ಹೇಳಿದರು. ಹತ್ತಿರದಲ್ಲಿಯೇ ಜ್ವಾಲಾಮಾಯಿಯ ಗುಡಿಯಲ್ಲಿ, ಹರಿಯುವ ನೀರಿನ ಮೇಲೆ ನೆಲದೊಳಗಿನ ಅನಿಲದಿಂದ ಸಣ್ಣ ನೀಲಿ ಉರಿ ಉರಿಯುತ್ತಿರುವುದು. ಬೌದ್ಧ ಸನ್ಯಾಸಿನಿಯರು ಅದನ್ನು ನೋಡಿಕೊಳ್ಳುವರು.

ಹಿಂದಿರುಗುವಾಗ ನದಿಯ ಪಾತ್ರದಲ್ಲಿ ಸಾಲಿಗ್ರಾಮಗಳನ್ನು ಹುಡುಕಿದೆವು. ಇವು ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ಸುರುಳಿಚಿಪ್ಪಿನ ಜೀವಿಗಳ ಗುರುತುಗಳೆಂದು ಭೂವಿಜ್ಞಾನಿಗಳು ಹೇಳುವರು. ಆ ಸಮುದ್ರದ ತಳವೇ ಎದ್ದು ಹಿಮಾಲಯವಾಯಿತಂತೆ. ತಾಯಿಯವರಿಗೆ ಇದನ್ನು ಹೇಳಿದಾಗ "ಹಾಗಾದರೆ ಮೀನಿನ ಅವತಾರಕ್ಕೂ ಮೊದಲಿನದು" ಎಂದು ಲೆಕ್ಕ ಹಾಕಿದರು. ನಮ್ಮ ಕೈಗೆ ಒಂದೂ ಸಿಗಲಿಲ್ಲ. ಕಾಗಬೇನಿಯ ಅಂಗಡಿಗಳಲ್ಲಿ ರಾಶಿ ಹಾಕಿದ್ದರು. ಮನೆಯಲ್ಲಿರುವುದೇ ಸಾಕೆಂದು ತಾಯಿಯವರು ಕೊಳ್ಳಗೊಡಲಿಲ್ಲ.

ಬರುವಾಗ ಆಕಾಶ ತಿಳಿಯಾಗಿದ್ದಿತು. ಜೋಮ್‌ಸೋಮಿನಿಂದ ವಿಮಾನದಲ್ಲಿಯೇ ಹೋಗೋಣವೆಂದು, ಯಾರೂ ಎಣಿಸದಿದ್ದಾಗ, ಅಮ್ಮನೇ ಹೇಳಿದರು. "ದರ್ಶನ ಆಯಿತಲ್ಲ, ಇನ್ನು ಹೇಗೆ ಹೋದರೇನು?" ಎಂದರು. ಬೆಳಗಿನ ಏಳು ಗಂಟೆಗೆ ಹತ್ತಿದೆವು. ಹತ್ತು ಗಂಟೆಗಳ ಕಾಲ ನಮ್ಮ ಎಲುಬುಗಳನ್ನು ಎಣಿಸಿದ ರಸ್ತೆಯು ಕೆಳಗೆ ದಾರದಂತೆ ಕಂಡು ಮರೆಯಾಯಿತು. ಚಿಕ್ಕಮ್ಮನವರ ವಿಷ್ಣುಸಹಸ್ರನಾಮ ಮುಗಿಯುವುದರೊಳಗೆ ಪೋಖರಾದಲ್ಲಿ ಇಳಿದಿದ್ದೆವು. ಆ ಮಧ್ಯಾಹ್ನವೇ ಸೋನೌಲಿಯ ಬಸ್ಸನ್ನು ಹಿಡಿಯಬಹುದಾಗಿತ್ತು. ರಾತ್ರಿಯ ಪ್ರಯಾಣವಾಗುವುದೆಂದು ಹಿಡಿಯಲಿಲ್ಲ. ಮರುದಿನ ಬೆಳಗ್ಗೆ ಹೊರಟು, ಗಡಿ ದಾಟಿ, ಗೋರಖಪುರದ ನಿಲ್ದಾಣದಲ್ಲಿ ಕುಳಿತಾಗ ರೈಲು ತಡವಾಯಿತೆಂದು ಚಿಕ್ಕಮ್ಮನವರು ಗೊಣಗಿದರು. ರೈಲು ತಡವಾಗಿರಲಿಲ್ಲ, ಅವರ ಕೈಗಡಿಯಾರವಿನ್ನೂ ನೇಪಾಳದಲ್ಲಿಯೇ ಇದ್ದಿತು.